ಒಂದು ಗಡಿಯ ಚೆಂಡಾಟ

(ಸಂಘದ ವಾರ್ಷಿಕೋತ್ಸವದಂದು ಮಾಡಿದ ಭಾಷಣ)



ಈ ವೇದಿಕೆಯ ಮೇಲೆ ನಿಂತವರು ಭಾಷೆಯನ್ನು ಕುರಿತೋ ಸಾಹಿತ್ಯವನ್ನು ಕುರಿತೋ ನಾಲ್ಕು ಮಾತನಾಡುವುದು ವಾಡಿಕೆ. ಕಾರ್ಯದರ್ಶಿಗಳು ನಮ್ಮ ಮನೆಗೆ ದಯಮಾಡಿಸಿ ಭಾಷಣದ ವಿಷಯವೇನೆಂದು ಕೇಳಿದಾಗ ನಾವು "ಬಾಸ್ಕೆಟ್‌ಬಾಲ್" ಎಂದೆವು. ಅವರು ಒಮ್ಮೆ ನಮ್ಮ ಮುಖವನ್ನು ನೋಡಿದರು. ವಯಸ್ಸಾದವರ ಮಾತಿಗೆ ಎದುರಾಡಬಾರದೆಂಬ ಸೌಜನ್ಯದಿಂದ ಹಾಗೆಯೇ ಬರೆದುಕೊಂಡು ಹೋದರು. ಅವರ ಸಂದೇಹ ಅಕಾರಣವಾದುದಲ್ಲ. ನಾವು ಆ ಆಟವನ್ನು ಆಡಿದವರಲ್ಲ. ಎಪ್ಪತ್ತಾರನೆಯ ವಯಸ್ಸಿನವರೆಗೆ ಒಂದು ಪಂದ್ಯವನ್ನು ಕೊನೆಯವರೆಗೆ ಕುಳಿತು ನೋಡಿದವರೂ ಅಲ್ಲ. ಆದರೂ ಅದನ್ನೇ ಆರಿಸಿಕೊಂಡುದಕ್ಕೆ ಕಾರಣವಿದೆ. ಅದು ಮಾತಿನ ಕೊನೆಯಲ್ಲಿ ತಿಳಿಯುವುದು.

2024ರ ಶರತ್ಕಾಲದಲ್ಲಿ ನಾವೂ ನಮ್ಮ ಮನೆಯವರೂ ಅಮೆರಿಕದಲ್ಲಿರುವ ಮಗನ ಮನೆಗೆ ಹೋಗಿ ಕೆಲವು ತಿಂಗಳು ಇದ್ದೆವು. ಮಗನ ಮನೆ ಇರುವುದು ಕ್ಯಾನ್ಸಸ್ ರಾಜ್ಯದಲ್ಲಿ. ಅವನ ಕಚೇರಿ ಇರುವುದು ಮಿಸೂರಿ ರಾಜ್ಯದಲ್ಲಿ. ಎರಡು ರಾಜ್ಯಗಳ ನಡುವೆ ಅಲ್ಲಿ ಇರುವುದು ಒಂದು ರಸ್ತೆ. ಅದರ ಹೆಸರೇ 'ಸ್ಟೇಟ್ ಲೈನ್ ರೋಡ್', ಎಂದರೆ ಗಡಿಗೆರೆಯ ರಸ್ತೆ. ಅದರ ಪಡುವಣ ಬದಿಯ ಮನೆಗಳು ಕ್ಯಾನ್ಸಸ್ಸಿಗೂ ಮೂಡಣ ಬದಿಯ ಮನೆಗಳು ಮಿಸೂರಿಗೂ ಸೇರಿದವು. ನಾವು ಬೆಳಗಿನ ನಡಿಗೆಗೆ ಹೊರಟು ರಸ್ತೆ ದಾಟಿದರೆ ಬೇರೆ ಸರಕಾರ, ಬೇರೆ ತೆರಿಗೆ, ಬೇರೆ ಶಾಲಾ ಪಠ್ಯ. ಊರಿನ ಹೆಸರು ಕ್ಯಾನ್ಸಸ್ ಸಿಟಿ ಎಂದಿದ್ದರೂ ಅದರ ದೊಡ್ಡ ಪಾಲು ಇರುವುದು ಮಿಸೂರಿಯಲ್ಲಿ! ಹೆಸರು ಒಂದು ಕಡೆ, ಊರು ಇನ್ನೊಂದು ಕಡೆ. ಇದನ್ನು ಕೇಳಿ ನಮ್ಮ ಮನೆಯವರು, "ನಮ್ಮ ಊರಿನ ಕಥೆಯೇ ಇಲ್ಲಿಯೂ ಉಂಟಲ್ಲ" ಎಂದರು.

ಹೊಳೆಯಲ್ಲಿ ಹರಿದ ಗಡಿ ಒಂದು ಬಗೆ, ಭೂಪಟದ ಮೇಲೆ ಕಡ್ಡಿ ಇಟ್ಟು ಎಳೆದ ಗಡಿ ಇನ್ನೊಂದು ಬಗೆ. ಇವೆರಡೂ ಅಲ್ಲಿ ಇವೆ. ಉತ್ತರದಲ್ಲಿ ಮಿಸೂರಿ ನದಿಯೇ ಗಡಿ. ಕ್ಯಾನ್ಸಸ್ ನದಿಯು ಅದನ್ನು ಕೂಡುವ ಸಂಗಮದಿಂದ ದಕ್ಷಿಣಕ್ಕೆ ನೂಲು ಹಿಡಿದು ಎಳೆದಂಥ ನೇರವಾದ ಗೆರೆ. ಈ ಗೆರೆಯಿಂದ ಸುಮಾರು ನಲವತ್ತು ಮೈಲಿ ಪಶ್ಚಿಮಕ್ಕೆ ಲಾರೆನ್ಸ್ ಎಂಬ ಪಟ್ಟಣದಲ್ಲಿ ಕ್ಯಾನ್ಸಸ್ ವಿಶ್ವವಿದ್ಯಾನಿಲಯವಿದೆ. ಸುಮಾರು ನೂರಿಪ್ಪತ್ತೈದು ಮೈಲಿ ಪೂರ್ವಕ್ಕೆ ಕೊಲಂಬಿಯಾ ಎಂಬ ಪಟ್ಟಣದಲ್ಲಿ ಮಿಸೂರಿ ವಿಶ್ವವಿದ್ಯಾನಿಲಯವಿದೆ. ಎರಡೂ ಸರಕಾರದ ವಿದ್ಯಾಸಂಸ್ಥೆಗಳು. ಎರಡೂ ಹಳೆಯವು, ಮಿಸೂರಿಯದು 1839ರಲ್ಲಿ, ಕ್ಯಾನ್ಸಸ್ಸಿನದು 1865ರಲ್ಲಿ ಸ್ಥಾಪಿತವಾದುದು. ಇವೆರಡರ ಹುಡುಗರು ಒಂದು ಚೆಂಡಿಗಾಗಿ ನೂರು ವರ್ಷಕ್ಕೂ ಮೇಲ್ಪಟ್ಟು ನಡೆಸಿದ ಸ್ಪರ್ಧೆಯೇ ನಮ್ಮ ವಿಷಯ.

ಆ ಸ್ಪರ್ಧೆಯನ್ನು ಅಲ್ಲಿಯ ಜನ ಬಹುಕಾಲ 'ಗಡಿಯ ಯುದ್ಧ' ಎಂದೇ ಕರೆಯುತ್ತ ಬಂದರು. ಆಟಕ್ಕೆ ಯುದ್ಧವೆಂಬ ಹೆಸರೇಕೆ ಎಂದು ನಾವು ಮಗನನ್ನು ಕೇಳಿದೆವು. ಅವನು ನೆರೆಮನೆಯ ಹಿರಿಯರನ್ನು ಕೇಳಿ ಎಂದನು. ಆ ನೆರೆಮನೆಯವರ ವಿಚಾರ ಮುಂದೆ ಹೇಳುತ್ತೇವೆ. ಯುದ್ಧವೆಂಬುದು ಅಲ್ಲಿ ಅಲಂಕಾರದ ಮಾತಾಗಿರಲಿಲ್ಲ.

1854ರಲ್ಲಿ ಅಮೆರಿಕದ ಸಂಸತ್ತು ಕ್ಯಾನ್ಸಸ್ ಪ್ರದೇಶದಲ್ಲಿ ಗುಲಾಮರನ್ನು ಇಟ್ಟುಕೊಳ್ಳಬಹುದೇ ಕೂಡದೇ ಎಂಬುದನ್ನು ಅಲ್ಲಿ ನೆಲಸುವ ಜನರೇ ಮತ ಹಾಕಿ ತೀರ್ಮಾನಿಸಲಿ ಎಂದು ಶಾಸನ ಮಾಡಿತು. ಮಿಸೂರಿಯು ಗುಲಾಮರಿದ್ದ ರಾಜ್ಯ. ನೆರೆಯಲ್ಲಿ ಸ್ವತಂತ್ರ ರಾಜ್ಯವೊಂದು ಹುಟ್ಟಿದರೆ ತಮ್ಮ ಗುಲಾಮರು ಗೆರೆ ದಾಟಿ ಓಡುವರೆಂಬ ಭಯ ಅಲ್ಲಿಯ ಯಜಮಾನರಿಗೆ. ದೂರದ ಈಶಾನ್ಯ ರಾಜ್ಯಗಳಿಂದ ಗುಲಾಮಗಿರಿಯ ವಿರೋಧಿಗಳು ಬಂದು ಲಾರೆನ್ಸ್ ಪಟ್ಟಣವನ್ನು ಕಟ್ಟಿದರು. 1855ರ ಮಾರ್ಚಿಯಲ್ಲಿ ಚುನಾವಣೆ ನಡೆದಾಗ ಮಿಸೂರಿಯವರು ಬಂದೂಕು ಹಿಡಿದು ಸಾವಿರಗಟ್ಟಲೆ ಗಡಿ ದಾಟಿ ಬಂದು ಮತ ಹಾಕಿ ಸಂಜೆಗೆ ಮರಳಿದರು. ಮತದಾರರಿದ್ದುದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಮತಗಳು ಪೆಟ್ಟಿಗೆಯಲ್ಲಿ ಬಿದ್ದಿದ್ದವು. ಮರುವರ್ಷ ಮೇ ತಿಂಗಳಲ್ಲಿ ಲಾರೆನ್ಸನ್ನು ಸೂರೆಮಾಡಿದರು. ಆ ಸುದ್ದಿ ಕೇಳಿ ಜಾನ್ ಬ್ರೌನ್ ಎಂಬ ಉಗ್ರನು ತನ್ನ ಮಕ್ಕಳೊಡನೆ ರಾತ್ರಿಯಲ್ಲಿ ಹೊರಟು, ಗುಲಾಮಗಿರಿಯ ಪಕ್ಷದ ಐವರನ್ನು ಮನೆಗಳಿಂದ ಹೊರಗೆಳೆದು ಕತ್ತಿಯಿಂದ ಕಡಿದನು.

ಒಂದು ಕಡೆ ನ್ಯಾಯವೂ ಇನ್ನೊಂದು ಕಡೆ ಅನ್ಯಾಯವೂ ಇದ್ದುದರಲ್ಲಿ ನಮಗೆ ಸಂದೇಹವಿಲ್ಲ. ಮನುಷ್ಯನನ್ನು ಮಾರುವ ಹಕ್ಕಿಗಾಗಿ ಹೋರಾಡಿದವರನ್ನು ಸಮರ್ಥಿಸಲು ಬರುವುದಿಲ್ಲ. ಆದರೆ ಗಡಿಯ ಕಾಳಗದಲ್ಲಿ ನ್ಯಾಯದ ಪಕ್ಷದ ಕೈಗಳೂ ಶುದ್ಧವಾಗಿ ಉಳಿಯಲಿಲ್ಲ. 1861ರಲ್ಲಿ ಅಂತರ್ಯುದ್ಧ ಪ್ರಾರಂಭವಾಗುತ್ತಲೇ ಕ್ಯಾನ್ಸಸ್ಸಿನ ಪಡೆಯೊಂದು ಮಿಸೂರಿಯ ಓಸಿಯೋಲಾ ಎಂಬ ಊರನ್ನು ಕೊಳ್ಳೆಹೊಡೆದು ಸುಟ್ಟಿತು. 1863ರ ಆಗಸ್ಟ್ 21ರ ಮುಂಜಾನೆ ಮಿಸೂರಿ ಕಡೆಯ ಕ್ವಾಂಟ್ರಿಲ್ ಎಂಬವನು ಸುಮಾರು ನಾನೂರು ಕುದುರೆ ಸವಾರರೊಡನೆ ಲಾರೆನ್ಸಿನ ಮೇಲೆ ಬಿದ್ದು, ನೂರೈವತ್ತಕ್ಕೂ ಹೆಚ್ಚು ಗಂಡಸರನ್ನೂ ಹುಡುಗರನ್ನೂ ಹೆಂಡಿರು ಮಕ್ಕಳ ಕಣ್ಣೆದುರಿನಲ್ಲಿಯೇ ಕೊಂದು, ಊರಿಗೆ ಬೆಂಕಿಯಿಟ್ಟನು. ನಾಲ್ಕು ದಿನ ಕಳೆಯುವಷ್ಟರಲ್ಲಿ ಸರಕಾರದ ಸೇನಾಪತಿಯು ಹನ್ನೊಂದನೆಯ ಸಂಖ್ಯೆಯ ಆಜ್ಞೆಯನ್ನು ಹೊರಡಿಸಿ, ಮಿಸೂರಿಯ ಗಡಿಯಲ್ಲಿದ್ದ ಮೂರು ಜಿಲ್ಲೆಗಳ ಮತ್ತು ನಾಲ್ಕನೆಯದರ ಒಂದು ಭಾಗದ ಹಳ್ಳಿಗರು ಹದಿನೈದು ದಿನಗಳೊಳಗೆ ಮನೆ ಬಿಟ್ಟು ಹೋಗತಕ್ಕದ್ದೆಂದು ವಿಧಿಸಿದನು. ತಪ್ಪು ಮಾಡಿದವರೂ ಮಾಡದವರೂ ಗಾಡಿ ಕಟ್ಟಿಕೊಂಡು ಹೊರಟರು. ಹಿಂದೆ ಉಳಿದ ಮನೆಗಳನ್ನು ಸುಟ್ಟುದರಿಂದ ಆ ಸೀಮೆಗೆ 'ಸುಟ್ಟ ಜಿಲ್ಲೆ' ಎಂಬ ಹೆಸರು ಬಂದಿತು. ಹೀಗೆ ಮನೆ ಬಿಟ್ಟವರಲ್ಲಿ ಒಬ್ಬ ಪುಟ್ಟ ಬಾಲಕಿಯಿದ್ದಳು. ಆಕೆಯ ಮಗ ಹ್ಯಾರಿ ಟ್ರೂಮನ್ ಮುಂದೆ ಅಮೆರಿಕದ ಅಧ್ಯಕ್ಷನಾದನು. ತಾಯಿ ತೊಂಬತ್ತು ದಾಟಿದ ಮೇಲೂ ಉತ್ತರದವರು ಮಾಡಿದ ಆ ಉಪದ್ರವವನ್ನು ಮರೆತಿರಲಿಲ್ಲ. ಮನೆ ಬಿಡಿಸಿದ ನೆನಪು ಎಷ್ಟು ಕಾಲ ಬದುಕಿರುವುದೆಂಬುದಕ್ಕೆ ಇಷ್ಟು ಸಾಕು.

ಎರಡು ತಂಡಗಳ ಹೆಸರುಗಳೂ ಆ ಕಾಲದವೇ. ಕ್ಯಾನ್ಸಸ್ಸಿನ ಹುಡುಗರಿಗೆ 'ಜೇಹಾಕ್'ರೆಂದು ಹೆಸರು. ಇದು ಮೊದಲಿಗೆ ಗಡಿಯ ಕೊಳ್ಳೆಗಾರರನ್ನು ಕರೆಯುತ್ತಿದ್ದ ಹೆಸರು. ಬಳಿಕ ಸ್ವಾತಂತ್ರ್ಯ ಪಕ್ಷದವರೆಲ್ಲರಿಗೂ ಸಂದಿತು. ಈಗ ಅದು ಹಳದಿ ಜೋಡು ಮೆಟ್ಟಿದ, ಲೋಕದಲ್ಲಿ ಎಲ್ಲಿಯೂ ಇಲ್ಲದ ಒಂದು ಪಕ್ಷಿಯಾಗಿ ಹುಡುಗರ ಅಂಗಿಯ ಮೇಲೆ ಕುಳಿತಿದೆ. ಮಿಸೂರಿಯವರು 'ಹುಲಿಗಳು'. ಅಂತರ್ಯುದ್ಧದಲ್ಲಿ ಕೊಳ್ಳೆಗಾರರಿಂದ ಕೊಲಂಬಿಯಾ ಪಟ್ಟಣವನ್ನು ಕಾಯಲು ನಿಂತ ಊರಿನ ಕಾವಲು ಪಡೆಗೆ ಆ ಹೆಸರಿತ್ತು.

ಇನ್ನು ಆಟ. ಬಾಸ್ಕೆಟ್‌ಬಾಲು ಯಾರು ಕಂಡುಹಿಡಿದರೆಂದು ಖಚಿತವಾಗಿ ಹೇಳಬಹುದಾದ ಕೆಲವೇ ಆಟಗಳಲ್ಲಿ ಒಂದು. 1891ರ ಡಿಸೆಂಬರಿನಲ್ಲಿ ಮ್ಯಾಸಚೂಸೆಟ್ಸಿನ ಸ್ಪ್ರಿಂಗ್‌ಫೀಲ್ಡಿನ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯರು, ಚಳಿಗಾಲದಲ್ಲಿ ಹೊರಗೆ ಆಡಲಾಗದೆ ಒಳಗೆ ಗಲಾಟೆ ಮಾಡುತ್ತಿದ್ದ ಹುಡುಗರಿಗಾಗಿ, ಹಣ್ಣಿನ ಬುಟ್ಟಿಗಳನ್ನು ಹತ್ತಡಿ ಎತ್ತರದಲ್ಲಿ ಮೊಳೆ ಹೊಡೆದು ನಿಲ್ಲಿಸಿ, ಹದಿಮೂರು ನಿಯಮಗಳನ್ನು ಬರೆದು ಗೋಡೆಗೆ ಅಂಟಿಸಿದರು. ಚೆಂಡನ್ನು ಹಿಡಿದು ಓಡಕೂಡದು, ಎದುರಾಳಿಯನ್ನು ತಳ್ಳಕೂಡದು, ಹೊಡೆಯಕೂಡದು ಎಂಬುವು ಆ ನಿಯಮಗಳ ಸಾರ. ಮೈಗೆ ಮೈ ತಾಗದಂತೆ ಸ್ಪರ್ಧಿಸುವ ಆಟ ಬೇಕೆಂಬುದೇ ಅವರ ಉದ್ದೇಶವಾಗಿದ್ದಿತು. (ಅದೇ ಸ್ಪ್ರಿಂಗ್‌ಫೀಲ್ಡಿನಲ್ಲಿ ಕಲಿತ ಹ್ಯಾರಿ ಕ್ರೋ ಬಕ್ ಎಂಬವರು 1920ರಲ್ಲಿ ಮದ್ರಾಸಿನಲ್ಲಿ ವ್ಯಾಯಾಮ ಶಿಕ್ಷಣ ಶಾಲೆಯನ್ನು ಪ್ರಾರಂಭಿಸಿದರು. ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿದ್ದ ಕಾಲದಲ್ಲಿ ಡ್ರಿಲ್ ಮಾಸ್ತರಾಗಿ ಬಂದವರು ಅಲ್ಲಿಯ ಹೆಸರನ್ನು ಹೆಮ್ಮೆಯಿಂದ ಹೇಳುತ್ತಿದ್ದುದು ಹಿರಿಯರಿಗೆ ನೆನಪಿರಬಹುದು.)

ನೈಸ್ಮಿತ್ 1898ರಲ್ಲಿ ಕ್ಯಾನ್ಸಸ್ ವಿಶ್ವವಿದ್ಯಾನಿಲಯಕ್ಕೆ ಬಂದರು. 1939ರಲ್ಲಿ ಲಾರೆನ್ಸಿನಲ್ಲಿಯೇ ತೀರಿಕೊಂಡರು. ಇಲ್ಲಿ ಒಂದು ವಿನೋದವಿದೆ. ಆ ವಿಶ್ವವಿದ್ಯಾನಿಲಯದ ತಂಡಕ್ಕೆ ಈವರೆಗೆ ಇದ್ದ ಶಿಕ್ಷಕರಲ್ಲಿ ಗೆದ್ದುದಕ್ಕಿಂತ ಸೋತುದೇ ಹೆಚ್ಚಾದವರು ಒಬ್ಬರೇ. ಅವರು ಆಟವನ್ನು ಕಂಡುಹಿಡಿದ ನೈಸ್ಮಿತ್ತರೇ! ಐವತ್ತೈದು ಗೆಲವು, ಅರುವತ್ತು ಸೋಲು. 1907ರ ಮಾರ್ಚಿಯಲ್ಲಿ ಕ್ಯಾನ್ಸಸ್ಸಿಗೂ ಮಿಸೂರಿಗೂ ನಡೆದ ಮೊದಲ ಪಂದ್ಯದಲ್ಲಿಯೂ ಅವರ ತಂಡ 34ಕ್ಕೆ 31ರಿಂದ ಸೋತಿತು. ಗೆಲ್ಲುವುದು ಅವರಿಗೆ ಅಷ್ಟು ಮುಖ್ಯವಾಗಿ ತೋರಿರಲಿಲ್ಲವಂತೆ. ಮೇಷ್ಟರ ಕೆಲಸ ಮಾಡಿದ ನಮಗೆ ಅವರ ಮೇಲೆ ಗೌರವ ಹುಟ್ಟಿದುದು ಈ ಅಂಕಿಗಳನ್ನು ಕೇಳಿದ ಮೇಲೆಯೇ.

ಗೆಲವನ್ನು ಕಲಿಸಿದವರು ಅವರ ಶಿಷ್ಯ ಫಾರೆಸ್ಟ್ ಆ್ಯಲನ್. ಹಡಗಿನ ಮಂಜುಗಹಳೆಯಂಥ ಕಂಠವಿದ್ದುದರಿಂದ ಜನ ಅವರನ್ನು 'ಫಾಗ್' ಎಂದು ಕರೆದರು. ನಲವತ್ತು ವರ್ಷಗಳಷ್ಟು ಕಾಲ ಕ್ಯಾನ್ಸಸ್ ತಂಡವನ್ನು ಅವರು ನಡೆಸಿದರು. 1936ರ ಬರ್ಲಿನ್ ಒಲಿಂಪಿಕ್ಸಿನಲ್ಲಿ ಈ ಆಟಕ್ಕೆ ಸ್ಥಾನ ದೊರಕಿದುದರಲ್ಲಿ ಅವರ ಪ್ರಯತ್ನ ದೊಡ್ಡದು. 1955ರಲ್ಲಿ ತೆರೆದ ಲಾರೆನ್ಸಿನ ಆಟದ ಮಂದಿರಕ್ಕೆ ಅವರದೇ ಹೆಸರು. ಹದಿನೈದು ಸಾವಿರಕ್ಕೂ ಹೆಚ್ಚು ಜನ ಹಿಡಿಸುವ ಆ ಕಟ್ಟಡವನ್ನು ಮಗನು ಕರೆದುಕೊಂಡು ಹೋಗಿ ತೋರಿಸಿದನು. ಪಕ್ಕದ ಭವನದಲ್ಲಿ ನೈಸ್ಮಿತ್ತರ ಹದಿಮೂರು ನಿಯಮಗಳ ಮೂಲ ಹಾಳೆಗಳೆರಡನ್ನು ಗಾಜಿನೊಳಗೆ ಇಟ್ಟಿದ್ದಾರೆ. 2010ರ ಹರಾಜಿನಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ನಲವತ್ತು ಲಕ್ಷ ಡಾಲರಿಗೂ ಮೇಲೆ ಕೊಟ್ಟು ಕೊಂಡುತಂದುದು. ಬೆರಳಚ್ಚಿನ ಆ ಕಾಗದ ನಮ್ಮ ಶಾಲೆಯ ಸುತ್ತೋಲೆಯಂತೆ ಹಳದಿಯಾಗಿದೆ. ನಾವು ಅದರ ಮುಂದೆ ಬಹಳ ಹೊತ್ತು ನಿಂತೆವು.

ಈ ಆ್ಯಲನ್ ಹುಟ್ಟಿದುದು ಎಲ್ಲಿ ಎಂದು ಕೇಳಿದರೆ ಮಿಸೂರಿಯಲ್ಲಿ! ಬೆಳೆದುದೂ ಮಿಸೂರಿಯ ಇಂಡಿಪೆಂಡೆನ್ಸ್ ಎಂಬ, ಟ್ರೂಮನ್ನರದೇ ಆದ ಊರಿನಲ್ಲಿ. ಕ್ಯಾನ್ಸಸ್ಸಿನವರು ತಮ್ಮ ಕೀರ್ತಿಯನ್ನು ಕಟ್ಟಿದವನೆಂದು ಕೊಂಡಾಡುವ ಮನುಷ್ಯ ಗೆರೆಯ ಆಚೆಯವನು. ಇದನ್ನು ನಾವು ನೆರೆಮನೆಯ ಹಿರಿಯರ ಎದುರಿನಲ್ಲಿ ಹೇಳಿದಾಗ ಅವರು ತೊಡೆ ತಟ್ಟಿ ನಕ್ಕು, ತಮ್ಮ ಪತ್ನಿಯನ್ನು ಕೂಗಿ ಕರೆದರು.

ಆ ದಂಪತಿಗಳ ವಿಚಾರವನ್ನು ಈಗ ಹೇಳಬಹುದು. ಅವರು ಮಿಸೂರಿಯಲ್ಲಿ ಓದಿದವರು, ಆಕೆ ಕ್ಯಾನ್ಸಸ್ಸಿನಲ್ಲಿ ಓದಿದವಳು. ಮನೆಯ ಮುಂದೆ ಎರಡು ಬಾವುಟಗಳು. ಒಂದು ಕಪ್ಪು ಹೊಂಬಣ್ಣದ್ದು, ಇನ್ನೊಂದು ನೀಲಿ ಕೆಂಪಿನದು. ಗಡಿಯ ಆ ಊರಿನಲ್ಲಿ ಇಂಥ ಮನೆಗಳು ಬೇಕಾದಷ್ಟಿವೆ. ಆಟದ ದಿನ ಅವರಿಬ್ಬರೂ ಬೇರೆಬೇರೆ ಕೋಣೆಯಲ್ಲಿ ಕುಳಿತು ಟೆಲಿವಿಷನ್ ನೋಡುತ್ತಿದ್ದ ಕಾಲವೂ ಇದ್ದಿತಂತೆ.

ಎರಡು ವಿಶ್ವವಿದ್ಯಾನಿಲಯಗಳೂ 1907ರಿಂದಲೇ ಒಂದೇ ಕ್ರೀಡಾಕೂಟಕ್ಕೆ ಸೇರಿದ್ದುದರಿಂದ ವರ್ಷಕ್ಕೆ ಎರಡು ಸಲವಾದರೂ ಎದುರುಬದುರಾಗುವುದು ತಪ್ಪುತ್ತಿರಲಿಲ್ಲ. ನೂರೈದು ವರ್ಷಗಳಲ್ಲಿ ಇನ್ನೂರ ಅರುವತ್ತಕ್ಕೂ ಹೆಚ್ಚು ಪಂದ್ಯಗಳು ನಡೆದವು. ಹೆಚ್ಚು ಗೆದ್ದವರು ಕ್ಯಾನ್ಸಸ್ಸಿನವರು. ಮಿಸೂರಿಯವರಿಗೆ ಗೆದ್ದ ಪಂದ್ಯಗಳ ನೆನಪು ಅದರಿಂದಲೇ ಹೆಚ್ಚು ತೀಕ್ಷ್ಣವಾಗಿದೆ ಎನ್ನಬಹುದು. ಮೈ ತಾಗದ ಆಟವೆಂದು ನೈಸ್ಮಿತ್ತರು ಮಾಡಿದ್ದು 1961ರಲ್ಲಿ ಕೊಲಂಬಿಯಾದಲ್ಲಿ ಮುಷ್ಟಿಯುದ್ಧವಾಯಿತು; ಆಟಗಾರರ ಜಗಳಕ್ಕೆ ನೋಡುವವರೂ ಅಂಗಳಕ್ಕೆ ಇಳಿದರು. 1967ರಿಂದ 1999ರವರೆಗೆ ಮಿಸೂರಿ ತಂಡವನ್ನು ನಡೆಸಿದ ನಾರ್ಮ್ ಸ್ಟ್ಯೂಅರ್ಟ್ ಎಂಬವರು ಪಂದ್ಯಕ್ಕೆ ಹೋದಾಗ ಕ್ಯಾನ್ಸಸ್ಸಿನ ನೆಲದಲ್ಲಿ ಒಂದು ಕಾಸನ್ನೂ ಖರ್ಚು ಮಾಡಬಾರದೆಂದು, ಉಣ್ಣುವುದನ್ನೂ ಬಸ್ಸಿಗೆ ಎಣ್ಣೆ ಹಾಕಿಸುವುದನ್ನೂ ಗೆರೆಯ ಈಚೆಯೇ ಮುಗಿಸುತ್ತಿದ್ದರೆಂದು ಕಥೆಯಿದೆ. ಕಥೆಯೆಷ್ಟು ನಿಜವೆಷ್ಟು ಎಂದು ಜನ ವಿಚಾರಿಸಲು ಹೋಗುವುದಿಲ್ಲ. ಅವರಿಗೆ ಅದು ಪ್ರಿಯವಾಗಿದೆ.

ಇವೆಲ್ಲ ನಗುವ ಮಾತು. ನಗಲಾರದ ಮಾತೂ ಒಂದುಂಟು. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಅಂಗಿಗಳ ಮೇಲೆ ಚಿತ್ರ ಅಚ್ಚು ಹಾಕಿಸುವುದು ಎರಡು ಕಡೆಯವರಿಗೂ ಚಟವಾಯಿತು. ಮಿಸೂರಿಯ ಕೆಲವರು ಉರಿಯುತ್ತಿರುವ ಲಾರೆನ್ಸಿನ ಚಿತ್ರವನ್ನು ಎದೆಯ ಮೇಲೆ ತೊಟ್ಟರು. ಕ್ಯಾನ್ಸಸ್ಸಿನ ಕೆಲವರು ಜಾನ್ ಬ್ರೌನನ ಚಿತ್ರವನ್ನು ತೊಟ್ಟರು. ಸತ್ತ ನೂರೈವತ್ತು ಜನರನ್ನು ಆಟದ ಅಂಕಗಳ ಲೆಕ್ಕದಲ್ಲಿ ಸೇರಿಸಿದಂತಾಯಿತು. ಸುಟ್ಟವರ ಪಕ್ಷ ಗುಲಾಮಗಿರಿಯ ಪಕ್ಷವಾಗಿದ್ದಿತೆಂಬುದೂ, ಮಿಸೂರಿ ತಂಡದಲ್ಲಿಯೇ ಆಡುತ್ತಿದ್ದ ಅನೇಕ ಹುಡುಗರು ಆ ಗುಲಾಮರ ಸಂತತಿಯವರೆಂಬುದೂ ಅಂಗಿ ತೊಟ್ಟವರ ಬುದ್ಧಿಗೆ ಹೊಳೆಯಲಿಲ್ಲ. ಇತಿಹಾಸವನ್ನು ಮರೆಯುವುದು ಒಂದು ತಪ್ಪಾದರೆ ಅದನ್ನು ಹೀಗೆ ನೆನೆಯುವುದು ಅದಕ್ಕಿಂತ ದೊಡ್ಡ ತಪ್ಪು ಎಂದು ನಮಗೆ ತೋರುತ್ತದೆ. 2004ರಲ್ಲಿ, ಇರಾಕಿನಲ್ಲಿ ನಿಜವಾದ ಯುದ್ಧ ನಡೆಯುತ್ತಿದ್ದಾಗ, ಎರಡು ವಿಶ್ವವಿದ್ಯಾನಿಲಯಗಳೂ ಕೂಡಿ ಯುದ್ಧವೆಂಬ ಪದವನ್ನು ಬಿಟ್ಟು ಬೇರೆ ಹೆಸರನ್ನಿಟ್ಟವು. ಜನ ಹಳೆಯ ಹೆಸರನ್ನು ಬಿಡಲಿಲ್ಲ.

ಇಷ್ಟು ದ್ವೇಷದ ಸ್ಪರ್ಧೆ ನಿಂತುಹೋದರೆ ಒಳ್ಳೆಯದಲ್ಲವೇ ಎಂದು ನೀವು ಕೇಳಬಹುದು. ಅದು ನಿಂತೂಹೋಯಿತು. ಅದು ನಿಂತುದು ದ್ವೇಷದಿಂದಲೂ ಅಲ್ಲ, ಸ್ನೇಹದಿಂದಲೂ ಅಲ್ಲ, ಹಣದಿಂದ. ಟೆಲಿವಿಷನ್ ಸಂಸ್ಥೆಗಳು ಕ್ರೀಡಾಕೂಟಗಳಿಗೆ ಕೊಡುವ ಹಣ ವಿಪರೀತವಾಗಿ ಬೆಳೆದು, ವಿಶ್ವವಿದ್ಯಾನಿಲಯಗಳು ಹೆಚ್ಚು ಹಣ ದೊರೆಯುವ ಕೂಟವನ್ನು ಹುಡುಕಿಕೊಂಡು ಹೊರಟವು. 2012ರಲ್ಲಿ ಮಿಸೂರಿಯು ಹಳೆಯ ಕೂಟವನ್ನು ಬಿಟ್ಟು ಆಗ್ನೇಯ ರಾಜ್ಯಗಳ ಕೂಟವನ್ನು ಸೇರಿತು. ಬಿಟ್ಟುಹೋದವರು ಅವರು, ಅವರೊಡನೆ ಇನ್ನು ಆಡಬೇಕಾದ ಹಂಗು ನಮಗಿಲ್ಲ ಎಂದು ಕ್ಯಾನ್ಸಸ್ಸಿನವರು ಮುಖ ತಿರುಗಿಸಿದರು.

ಕೊನೆಯ ವರ್ಷದ ಎರಡು ಪಂದ್ಯಗಳನ್ನು ನೆರೆಮನೆಯ ಹಿರಿಯರು ಯಕ್ಷಗಾನದ ಪ್ರಸಂಗದಂತೆ ಬಣ್ಣಿಸುತ್ತಾರೆ. ಫೆಬ್ರುವರಿ 4ರಂದು ಕೊಲಂಬಿಯಾದಲ್ಲಿ ಸೋಲುತ್ತಿದ್ದ ಮಿಸೂರಿ ಕೊನೆಯ ಎರಡು ನಿಮಿಷಗಳಲ್ಲಿ ಎದ್ದು 74ಕ್ಕೆ 71ರಿಂದ ಗೆದ್ದಿತು. ಮೂರು ವಾರದ ಬಳಿಕ, 25ರಂದು, ಲಾರೆನ್ಸಿನಲ್ಲಿ ಕೊನೆಯ ಭೇಟಿ. ಮಿಸೂರಿ ಹತ್ತೊಂಬತ್ತು ಅಂಕ ಮುಂದಿದ್ದಿತು. ಕ್ಯಾನ್ಸಸ್ ಒಂದೊಂದಾಗಿ ಕೂಡಿಸುತ್ತ ಬಂದು ಸಮಮಾಡಿತು. ನಿಗದಿಯಾದ ಕಾಲ ಮುಗಿಯುವ ಕ್ಷಣದಲ್ಲಿ ಮಿಸೂರಿಯ ಹುಡುಗ ಗೆಲವಿಗಾಗಿ ಎಸೆದ ಚೆಂಡನ್ನು ತಾಮಸ್ ರಾಬಿನ್ಸನ್ ಎಂಬ ಆಟಗಾರ ಹಾರಿ ತಡೆದನು. ಹೆಚ್ಚುವರಿ ಕಾಲದಲ್ಲಿ ಕ್ಯಾನ್ಸಸ್ 87, ಮಿಸೂರಿ 86. ನೂರೈದು ವರ್ಷಗಳ ವ್ಯವಹಾರ ಒಂದು ಅಂಕದಿಂದ ಮುಗಿಯಿತು. ಆ ಮಂದಿರದ ಸದ್ದು ಕಿವಿಯಲ್ಲಿ ಎರಡು ದಿನ ಇದ್ದಿತೆಂದು ಆಕೆ ಹೇಳಿದಳು, ಆಕೆ ಅಲ್ಲಿದ್ದಳು.

ಆಮೇಲೆ ಏನಾಯಿತು? ಏನೂ ಆಗಲಿಲ್ಲ. ಹಿರಿಯರು ಹೇಳಿದ ಈ ಭಾಗವನ್ನು ನಾವು ಹೆಚ್ಚು ಗಮನವಿಟ್ಟು ಕೇಳಿದೆವು. ಮೊದಲ ವರ್ಷ ನೆಮ್ಮದಿಯೆನಿಸಿತಂತೆ. ಎರಡನೆಯ ವರ್ಷ ಚಳಿಗಾಲ ಬಂದಾಗ ಹೆಂಡತಿಯನ್ನು ಕೆಣಕಲು ಮಾತಿಲ್ಲ. ಮೂರನೆಯ ವರ್ಷ ಆಕೆ ಮಿಸೂರಿಯ ಪಂದ್ಯಗಳ ಫಲಿತಾಂಶವನ್ನು ಪತ್ರಿಕೆಯಲ್ಲಿ ನೋಡುವುದನ್ನೇ ಬಿಟ್ಟಳು. ಹೊಸದಾಗಿ ಕಾಲೇಜು ಸೇರಿದ ಹುಡುಗರಿಗೆ ಆಚೆಯವರ ಮೇಲೆ ಸಿಟ್ಟೂ ಇಲ್ಲ, ಅವರ ಹೆಸರೂ ಗೊತ್ತಿಲ್ಲ. ಆಟವಿದ್ದಾಗ ಕ್ವಾಂಟ್ರಿಲ್ಲನ ಕಥೆಯನ್ನು ಹೇಳುವ ಸಂದರ್ಭ ವರ್ಷಕ್ಕೊಮ್ಮೆಯಾದರೂ ಬರುತ್ತಿದ್ದಿತು. ಹೇಳುವವರಲ್ಲಿ ಒಬ್ಬಿಬ್ಬರಾದರೂ ಸರಿಯಾಗಿ ಹೇಳುತ್ತಿದ್ದರು. ಆಟ ನಿಂತ ಮೇಲೆ ಕೇಳುವವರೇ ಇಲ್ಲ. ಅಂಗಿಯ ಮೇಲಿನ ದುಷ್ಟ ಚಿತ್ರ ಹೋದುದು ನಿಜ, ಅದರ ಜೊತೆಗೆ ಉಳಿದುದೂ ಹೋಯಿತು ಎಂದು ಅವರು ಹೇಳಿದಾಗ ನಮಗೆ ಉತ್ತರ ತೋಚಲಿಲ್ಲ.

2017ರಲ್ಲಿ ಚಂಡಮಾರುತಗಳು ಟೆಕ್ಸಾಸ್, ಫ್ಲಾರಿಡಾ, ಪೋರ್ಟೊ ರೀಕೊಗಳನ್ನು ಹಾಳುಗೆಡಹಿದಾಗ, ಸಂತ್ರಸ್ತರ ನೆರವಿಗೆಂದು ಎರಡು ತಂಡಗಳೂ ಅಕ್ಟೋಬರಿನಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ಒಂದು ಪ್ರದರ್ಶನ ಪಂದ್ಯವನ್ನಾಡಿದವು. ಲೆಕ್ಕಕ್ಕೆ ಸೇರದ ಆಟ. ಆದರೂ ಜನ ಕಿಕ್ಕಿರಿದು ಸೇರಿ, ಹತ್ತು ಲಕ್ಷ ಡಾಲರಿಗೂ ಮಿಕ್ಕ ಹಣ ಕೂಡಿತು. ಮುಖ ತಿರುಗಿಸಿದ್ದವರಿಗೆ ಆಗ ತಮ್ಮ ಹಸಿವು ತಿಳಿದಿರಬೇಕು. 2019ರಲ್ಲಿ ಮತ್ತೆ ಆಡುವ ಒಪ್ಪಂದವಾಯಿತು. ಕೊರೋನಾದಿಂದ ಒಂದು ವರ್ಷ ತಳ್ಳಲ್ಪಟ್ಟು, 2021ರ ಡಿಸೆಂಬರ್ 11ರಂದು ಲಾರೆನ್ಸಿನಲ್ಲಿ ಮತ್ತೆ ಎದುರಾದರು. ಕ್ಯಾನ್ಸಸ್ 102, ಮಿಸೂರಿ 65. ಮುಂದಿನ ಎರಡು ವರ್ಷವೂ ಮಿಸೂರಿ ಸೋತಿತು. ಹಿರಿಯರಿಗೆ ಅದರಿಂದ ದುಃಖವಾಗಲಿಲ್ಲವಂತೆ. ಹೆಂಡತಿಯ ಕುಚೋದ್ಯವನ್ನು ಒಂಬತ್ತು ವರ್ಷಗಳ ಮೇಲೆ ಕೇಳಿದುದೇ ಸಾಕಾಯಿತಂತೆ. (ಈ ಮಾತನ್ನು ಆಕೆ ನಂಬುವುದಿಲ್ಲ.)

ನಾವು ಕುಳಿತು ನೋಡಿದುದು 2024ರ ಡಿಸೆಂಬರ್ 8ರ ಪಂದ್ಯವನ್ನು. ಕೊಲಂಬಿಯಾದಲ್ಲಿ ಆಟ. ನೆರೆಮನೆಯವರು ನಮ್ಮ ಮಗನ ಮನೆಗೆ ಬಂದಿದ್ದರು. ನಮ್ಮ ಮನೆಯವರು ಎಲ್ಲರಿಗೂ ಗೋಳಿಬಜೆ ಮಾಡಿದ್ದರು. ಆ ವಾರ ಕ್ಯಾನ್ಸಸ್ ತಂಡಕ್ಕೆ ಇಡೀ ದೇಶದಲ್ಲಿ ಒಂದನೆಯ ಸ್ಥಾನ. ಮಿಸೂರಿಯು ಹಿಂದಿನ ವರ್ಷ ತನ್ನ ಹೊಸ ಕೂಟದಲ್ಲಿ ಆಡಿದ ಹದಿನೆಂಟು ಪಂದ್ಯಗಳಲ್ಲಿ ಹದಿನೆಂಟನ್ನೂ ಸೋತ ತಂಡ. ಆದರೆ ಅಂದು ಮೊದಲಿನಿಂದಲೂ ಮಿಸೂರಿಯೇ ಮುಂದೆ. ದೊಡ್ಡ ಅಂತರ ಕೊನೆಯಲ್ಲಿ ಕರಗುತ್ತ ಬಂದಾಗ ಹಿರಿಯರು ಎದ್ದು ಕಿಟಕಿಯ ಬಳಿಗೆ ಹೋಗಿ ಹೊರಗೆ ನೋಡುತ್ತ ನಿಂತುಬಿಟ್ಟರು. ಮಿಸೂರಿ 76, ಕ್ಯಾನ್ಸಸ್ 67. ಹುಡುಗರು ಅಂಗಳಕ್ಕೆ ನುಗ್ಗಿದರು. ಇಪ್ಪತ್ತೊಂಬತ್ತು ಅಂಕಗಳನ್ನು ಗಳಿಸಿ ಮಿಸೂರಿಯನ್ನು ಗೆಲ್ಲಿಸಿದ ಟೇಮಾರ್ ಬೇಟ್ಸ್ ಎಂಬ ಯುವಕ ಯಾವ ಊರಿನವನು? ಕ್ಯಾನ್ಸಸ್ ರಾಜ್ಯದ ಕ್ಯಾನ್ಸಸ್ ಸಿಟಿಯವನು. ಈ ಸಲ ತೊಡೆ ತಟ್ಟಿ ನಕ್ಕವಳು ಆಕೆ: "ನಿಮ್ಮನ್ನು ಗೆಲ್ಲಿಸಲಿಕ್ಕೂ ನಮ್ಮ ಹುಡುಗನೇ ಬೇಕಾಯಿತು."

ಅಂದು ರಾತ್ರಿ ನಮಗೆ ನಿದ್ರೆ ಬರಲಿಲ್ಲ.

ಅವರ ಗಡಿಯ ಕಥೆಯನ್ನು ನಮ್ಮ ಗಡಿಗೆ ಅಳತೆ ಹಿಡಿದು ಹೊಂದಿಸಲು ನಾವು ಹೊರಟಿಲ್ಲ. 1956ರಲ್ಲಿ ನಮ್ಮನ್ನು ಗೆರೆಯ ಈಚೆಗೆ ಬಿಟ್ಟುದರ ನೋವು ಬೇರೆ, ಅದರ ವಿಚಾರ ಈ ವೇದಿಕೆಯಲ್ಲಿ ಬೇಕಾದಷ್ಟು ಸಲ ಆಗಿದೆ. ನಮಗೆ ನೆನಪಾದುದು ಒಂದು ಕಾಗದ.

ನಾವು ಹೊಸದಾಗಿ ಮೇಷ್ಟರಾಗಿ ಸೇರಿದ ಕಾಲದಲ್ಲಿ ನಮ್ಮ ಕನ್ನಡ ಶಾಲೆಗೂ ಚಂದ್ರಗಿರಿ ಹೊಳೆಯ ಆಚೆಯ ಮಲೆಯಾಳ ಶಾಲೆಗೂ ವರ್ಷಕ್ಕೊಮ್ಮೆ, ಓಣಂ ರಜೆ ಕಳೆದ ಮೇಲೆ, ವಾಲಿಬಾಲ್ ಪಂದ್ಯ ನಡೆಯುವ ಪದ್ಧತಿಯಿದ್ದಿತು. ಒಂದು ವರ್ಷ ನಾವು ಕಡವಿನಲ್ಲಿ ದೋಣಿ ಹತ್ತಿ ಹೋಗುವುದು, ಮರುವರ್ಷ ಅವರು ಬರುವುದು. 1971ರಲ್ಲಿ ಆಚೆಯ ಮುರಕಲ್ಲಿನ ಮೈದಾನದಲ್ಲಿ ಚೆಂಡು ಗೆರೆಯ ಒಳಗೆ ಬಿದ್ದಿತೋ ಹೊರಗೆ ಬಿದ್ದಿತೋ ಎಂಬ ವಿವಾದವೆದ್ದು, ಮಾತಿಗೆ ಮಾತು ಬೆಳೆದು, ಎಲ್ಲಿಂದಲೋ ಬಂದ ಕಲ್ಲೊಂದು ನಮ್ಮ ಹುಡುಗನೊಬ್ಬನ ಹಣೆಗೆ ತಾಗಿತು. ಮರುದಿನ ನಮ್ಮ ಶಾಲೆಯಲ್ಲಿ ಸಭೆ ಸೇರಿತು. ಕ್ಷಮೆ ಕೇಳುವವರೆಗೆ ಇನ್ನು ಆಟಕ್ಕೆ ಬರುವುದಿಲ್ಲ ಎಂದು ಬರೆಯಬೇಕೆಂದು ತೀರ್ಮಾನವಾಯಿತು. ಅಕ್ಷರ ದುಂಡಗಿದ್ದುದರಿಂದ ಕಾಗದವನ್ನು ಬರೆಯುವ ಕೆಲಸ ನಮಗೆ ಬಂದಿತು. ಬರೆಯುವಾಗ ನಾವು ಹೇಳಿದುದಕ್ಕಿಂತ ಎರಡು ಸಾಲು ಹೆಚ್ಚಾಗಿಯೇ ಬರೆದೆವು. ಆ ಎರಡು ಸಾಲುಗಳು ಕಲ್ಲನ್ನು ಕುರಿತುವಾಗಿರಲಿಲ್ಲ, ಅವರ ಭಾಷೆಯನ್ನು ಕುರಿತುವಾಗಿದ್ದವು. ಆಗ ನಮಗೆ ಇಪ್ಪತ್ತಮೂರು ವರ್ಷ. ಅದೊಂದು ಶೌರ್ಯವೆಂದು ತೋರಿತು. ಅತ್ತಣಿಂದ ಉತ್ತರ ಬರಲಿಲ್ಲ. ಐವತ್ತಕ್ಕೂ ಹೆಚ್ಚು ವರ್ಷ ಎರಡು ಶಾಲೆಗಳ ಮಕ್ಕಳು ಒಬ್ಬರ ಮುಖವನ್ನೊಬ್ಬರು ನೋಡದೆ ದೊಡ್ಡವರಾದರು. ಹೊಳೆಗೆ ಸೇತುವೆಯಾಯಿತು, ಆಟ ಆಗಲಿಲ್ಲ.

ಅಮೆರಿಕದಿಂದ ಮರಳಿ ಬಂದ ಮೇಲೆ ನಾವು ಸೇತುವೆ ದಾಟಿ ಆ ಶಾಲೆಗೆ ಹೋದೆವು. ಈಗಿನ ಮುಖ್ಯೋಪಾಧ್ಯಾಯಿನಿಯವರಿಗೆ ಆ ಕಾಗದದ ವಿಚಾರ ತಿಳಿಯದು. ಅವರು ಹುಟ್ಟುವ ಮೊದಲಿನ ಮಾತು. ನಾವೇ ಹೇಳಿದೆವು, ಹೆಚ್ಚಾಗಿ ಬರೆದ ಎರಡು ಸಾಲುಗಳನ್ನೂ ಹೇಳಿದೆವು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಚಹಾ ತರಿಸಿ, ತಮ್ಮ ಹುಡುಗಿಯರ ತಂಡವೂ ಇದೆ, ನಿಮ್ಮಲ್ಲಿ ಇದೆಯೇ ಎಂದು ಕೇಳಿದರು. ಇದೆ ಎಂದು ಹೇಳಿ ಬಂದೆವು. ಇಲ್ಲದಿದ್ದರೆ ಈಗಿನಿಂದಲೇ ಮಾಡಿಕೊಳ್ಳಬೇಕೆಂದು ನಮ್ಮ ಶಾಲೆಯ ಉಪಾಧ್ಯಾಯರಲ್ಲಿ ಅರಿಕೆ.

ಹಣೆಗೆ ಕಲ್ಲು ತಾಗಿದ ಆ ಹುಡುಗ ಈಗ ಮೊಮ್ಮಕ್ಕಳುಳ್ಳ ಗೃಹಸ್ಥ. ಇದೇ ಸಭೆಯಲ್ಲಿ ಕುಳಿತಿದ್ದಾನೆ, ಹೆಸರು ಹೇಳಬಾರದೆಂದು ತಾಕೀತು ಮಾಡಿದ್ದಾನೆ. ಪಂದ್ಯಕ್ಕೆ ಬರಲು ಒಪ್ಪಿದ್ದಾನೆ, ಗೆರೆಯ ಬಳಿ ನಿಂತು ತೀರ್ಪು ಹೇಳುವ ಕೆಲಸ ಮಾತ್ರ ತನಗೆ ಬೇಡವೆಂದಿದ್ದಾನೆ.

ಮುಂದಿನ ತಿಂಗಳ ಎರಡನೆಯ ಶನಿವಾರ ಮಧ್ಯಾಹ್ನ ಮೂರು ಗಂಟೆಗೆ, ಆಚೆಯ ಮೈದಾನದಲ್ಲಿ ಆಟ. ಮೊದಲು ಹುಡುಗಿಯರದು, ಬಳಿಕ ಹುಡುಗರದು. ಬಲೆ ಅವರಲ್ಲಿದೆ, ಕಂಬಗಳಲ್ಲಿ ಒಂದು ತುಕ್ಕು ಹಿಡಿದಿರುವುದರಿಂದ ಸಂಘದವರು ಒಂದನ್ನು ಒದಗಿಸಬೇಕು. ಮಕ್ಕಳನ್ನು ಕಳುಹಿಸುವ ಹಿರಿಯರು ತಾವೂ ಬರಬೇಕು. ಊಟದ ಏರ್ಪಾಡು ಅವರದು. ಬಾಳೆಯ ಎಲೆ ನಮ್ಮ ಕಡೆಯಿಂದ ಹೋಗಬೇಕಾಗಿದೆ. ತೋಟವಿರುವವರು ಸಭೆ ಮುಗಿದ ಮೇಲೆ ಕಾರ್ಯದರ್ಶಿಗಳಲ್ಲಿ ಹೆಸರನ್ನು ಬರೆಸಬೇಕಾಗಿ ಪ್ರಾರ್ಥನೆ.